ಮುನ್ನೂರನೇ ಪಾವಟಿಗಿ

ಇರಕಲ್ಲಗಡದಿಂದ ಬೆಳಿಗ್ಗೆ ಹೊರಟು, ಗಂಗಾವತಿಯಲ್ಲಿ ಬಸ್ಸು ಬದಲಿಸಿ ಅಂಜನಾದ್ರಿಯ ಬುಡ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಮೆಟ್ಟಿಲು 575. ಮುನ್ನೂರರ ಹತ್ತಿರ ಕಾಲು ಸೋತು ಕೂತೆ. ಕೆಳಗಿನಿಂದ, ಕೂತ ಮೆಟ್ಟಿಲಿನಿಂದಲೇ ದನಿ ಬಂತು.

ಪಾವಟಿಗಿ: ಸರಕೊಂಡು ಕುಂದರಪಾ ತಮ್ಮಾ. ಹಿಂದಿನವರಿಗೂ ಇಲ್ಲೇ ದಮ್ಮು ಹತ್ತತೈತಿ.

ನಾನು: ನಮಸ್ಕಾರ್ರೀ ಯಜಮಾನರ. ಹನುಮಪ್ಪ ಹುಟ್ಟಿದ್ದು ಇಲ್ಲೇ ಖರೇನ್ರೀ? 2021ರಾಗ ತಿರುಪತಿಯವರು ‘ನಮ್ಮ ಬೆಟ್ಟದಾಗ’ ಅಂದ್ರು. ಗೋಕರ್ಣದವರದೂ ಒಂದು ವಾದ ಐತಿ.

ಪಾವಟಿಗಿ: ಹೆರಿಗಿ ಹೊತ್ತಿನ್ಯಾಗ ನಾ ಇರಲಿಲ್ಲ, ಆಮ್ಯಾಲ ಕೂಡಿಸ್ಯಾರ ನನ್ನ. ಸೂರ್ಯನ್ನ ಹಣ್ಣಂತ ಹಾರಿದ ಕೂಸದು. ಹುಟ್ಟಿದೂರಾಗ ಕುಂತಿದ್ರ ಈ ಜಗಳನ ಇರತಿರಲಿಲ್ಲ.

ನಾನು: 2022ರ ಬಜೆಟ್ಟಿನ್ಯಾಗ ಈ ಬೆಟ್ಟಕ್ಕ ನೂರು ಕೋಟಿ ಅಂದ್ರಲ್ಲ?

ಪಾವಟಿಗಿ: ಅಂದ್ರು. ಸಾಹೇಬರು ನಕಾಶಿ ಹಿಡಕೊಂಡು ಬಂದ್ರು, ನನ್ನ ಮ್ಯಾಲ ಕುಂತ್ರು, ನಕಾಶಿಲೇ ಗಾಳಿ ಹಾಕ್ಕೊಂಡ್ರು. ಏದುಸಿರಿನ್ಯಾಗ ರೋಪ್‌ವೇ ಮಾತು ತಗದ್ರು.

ನಾನು: ಅದು ಬಂದ್ರ ನಿಮಗೂ ಆರಾಮಲ್ರೀ?

ಪಾವಟಿಗಿ: ಮಂಡಿನೋವಿನ ಅವ್ವಗೋಳಿಗೆ ಬೇಕಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ತಾಸಿಗೆ ಎಷ್ಟು ಮಂದೀನ ಮ್ಯಾಲ ಒಯ್ಯಬೇಕು ಅಂತ ಕೇಳೋರ ಎಲ್ಲಾರೂ. ಮ್ಯಾಲ ಬಂಡಿ ಮ್ಯಾಲ ಎಷ್ಟು ಮಂದಿ ನಿಂದ್ರತಾರ ಅಂತ ಒಬ್ಬರೂ ಕೇಳಂಗಿಲ್ಲ. ಇಷ್ಟು ದಿನ ಆ ಕೆಲಸ ನಮ್ಮದು. ದಣಿಸ್ತೀವಿ, ಕುಂದ್ರಸ್ತೀವಿ, ಹತ್ತ್ಹತ್ತು ಮಂದೀನ ಬಿಡ್ತೀವಿ. ಟೋಕನ್ ಇಲ್ಲ, ಪಗಾರ ಇಲ್ಲ.

ನಾನು: ಹನುಮಮಾಲಿ ಇಳಸೂ ದಿನ?

ಪಾವಟಿಗಿ: ಅವತ್ತು ನಾವೂ ಸೋಲ್ತೀವಿ. ಕೇಸರಿ ಹೊಳಿನ ಮೈಮ್ಯಾಲ ಹರೀತೈತಿ. ನಿಮ್ಮ ಕಡೆಯವರು ಗವಿಮಠದ ಅಜ್ಜನ ಜಾತ್ರಿಗೆ ಟ್ರ್ಯಾಕ್ಟರ್ ತುಂಬ ರೊಟ್ಟಿ ಒಯ್ತೀರಿ, ಖಾಲಿ ಟ್ರ್ಯಾಕ್ಟರ್ ಹೊಡಕೊಂಡು ಮನಿಗೆ ಬರತೀರಿ. ಇಲ್ಲಿಗೆ ತುಂಬಿದ ಬಾಟ್ಲಿ ತರತೀರಿ, ಖಾಲೀದು ನನಗ ಬಿಡತೀರಿ. ಮಂದಿ ಅವರ, ಭಕ್ತೀನೂ ಅದ!

ನಾನು: ಮಂಗ್ಯಾಗೋಳ ಕಾಟ?

ಪಾವಟಿಗಿ: ಕಾಟ ಅನಬ್ಯಾಡ, ಇಲಾಖೆ ಅನ್ನು. 2018ರಾಗ ಗುಡಿ ಜಿಲ್ಲಾಡಳಿತದ ಕೈಗೆ ಹೋತು. ವಸೂಲಿ ಮಾತ್ರ ಮಂಗ್ಯಾಗೋಳ ಕಡೇನ ಉಳೀತು. ಚೀಲ ತಪಾಸಣಿ, ಬಾಳಿಹಣ್ಣಿನ ಕಂದಾಯ, ಎಲ್ಲಾ ಜಾಗಾದಾಗ ಇತ್ಯರ್ಥ. ಅರ್ಜಿ ಬ್ಯಾಡ, ರಸೀದಿ ಕೇಳಬ್ಯಾಡ.

ನಾನು: ಕಡೀಗೊಂದು ಮಾತು...

ಪಾವಟಿಗಿ: ಏಳು ಮೊದಲ. ಹಿಂದ ಒಬ್ಬಾಕಿ ಅವ್ವ ನಿಂತಾಳ.

ಎದ್ದೆ. ಪಕ್ಕದಲ್ಲಿಟ್ಟಿದ್ದ ಚೀಲಕ್ಕೆ ಕೈ ಚಾಚಿದೆ. ಇಲಾಖೆಯವರು ಆಗಲೇ ಒಯ್ದಿದ್ದರು. ಖಾಲಿ ಬಾಟ್ಲಿಯೊಂದನ್ನು ಮಾತ್ರ ಬಿಟ್ಟಿದ್ದರು.