ರಸ್ತೆ ಮುಗಿದ ಮೇಲೆ ಒಂದು ಗುಂಟೆ

ಕಾರಿನ ಮುಂಗಾಜಿಗೆ ಅಂಟಿಸುವ ಜಿಪಿಎಸ್ ಯಂತ್ರದ ಪಾಲಿಗೆ ಜಗತ್ತು ಎಂದರೆ ರಸ್ತೆ, ಅಷ್ಟೆ. ಉಳಿದದ್ದೆಲ್ಲ ಅದರ ತೆರೆಯ ಮೇಲೆ ಒಂದೇ ಬಣ್ಣದ ಖಾಲಿ ಜಾಗ. ಅಲ್ಲಿ ಗುಡ್ಡವಿರಲಿ, ಕೆಸರಿರಲಿ, ಯಾರದೋ ಹಿತ್ತಿಲಿರಲಿ, ಅದಕ್ಕೆ ಬೇಕಿಲ್ಲ. ನಾನು ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು. ನಮ್ಮ ಲೆಕ್ಕ ತದ್ವಿರುದ್ಧ. ರಸ್ತೆಯನ್ನು ಬಿ ಖರಾಬು ಎಂದು ಬರೆದು ಪಕ್ಕಕ್ಕೆ ಸರಿಸಿದರೆ ಮುಗಿಯಿತು. ನಿಜವಾದ ಕೆಲಸ, ಜಗಳ, ಕೋರ್ಟು ಎಲ್ಲ ಅದರಾಚೆ. ಹೀಗೆ ಸ್ವಭಾವತಃ ಕೂಡಿಬರದ ನಾನೂ ಆ ಯಂತ್ರವೂ ಮಗಳ ಮನೆಯಿರುವ ಅಮೆರಿಕದ ಆರೆಗನ್ ರಾಜ್ಯದಲ್ಲಿ ಒಟ್ಟಾಗಿ ನಿಧಿ ಹುಡುಕಬೇಕಾಗಿ ಬಂತು.

ನಿಧಿ ಎಂದೊಡನೆ ಅಮಾವಾಸ್ಯೆ, ನಿಂಬೆಹಣ್ಣು, ಹಾಳುಗುಡಿ ನೆನಪಿಸಿಕೊಳ್ಳಬೇಡಿ. ಇದು ಜಿಯೋಕ್ಯಾಶಿಂಗ್ ಎಂಬ ಆಟ. ಯಾರೋ ಒಬ್ಬರು ಡಬ್ಬಿಯೊಳಗೆ ಒಂದು ಪುಸ್ತಕ, ಒಂದಿಷ್ಟು ಚಿಲ್ಲರೆ ಸಾಮಾನು ಇಟ್ಟು ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಊರಿಗೆಲ್ಲ ಸಾರುತ್ತಾರೆ. ಹುಡುಕಿ ತೆಗೆದವರು ಪುಸ್ತಕದಲ್ಲಿ ರುಜು ಹಾಕಬೇಕು. ಏನಾದರೂ ತೆಗೆದುಕೊಂಡರೆ ಅದಕ್ಕೆ ಸಮನಾದದ್ದನ್ನೋ ಮೇಲಾದದ್ದನ್ನೋ ಬಿಟ್ಟು, ಡಬ್ಬಿಯನ್ನು ಮತ್ತೆ ಇದ್ದಲ್ಲೇ ಇಟ್ಟು ಬರಬೇಕು. ನಮ್ಮ ದೇಶದ 1878ರ ನಿಧಿ ಕಾಯಿದೆ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕಪ್ಪ ಎಂದು ಅಳಿಯನಿಗೆ ಹೇಳಿದೆ. "ಹತ್ತು ರೂಪಾಯಿಗೆ ಮೀರಿದ್ದು ಇದರಲ್ಲಿ ಸಿಕ್ಕರೆ ಕಲೆಕ್ಟರಿಗೆ ನಾನೇ ಬರೀತೀನಿ ಮಾವ" ಎಂದ.

ಆಟ ಹುಟ್ಟಿದ ಊರು ಮಗಳ ಮನೆಯಿಂದ ದೂರವೇನಲ್ಲ. 2000ನೇ ಇಸವಿಯವರೆಗೆ ಅಮೆರಿಕದ ಸರ್ಕಾರ ಜನರಿಗೆ ಕೊಡುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರಿನಷ್ಟು ಆಚೀಚೆ. ಅಸಲಿ ಮಾಲು ಸೈನ್ಯಕ್ಕೆ ಮಾತ್ರ. ಆ ವರ್ಷ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ಕಲಬೆರಕೆ ನಿಲ್ಲಿಸುವುದಾಗಿ ಘೋಷಿಸಿದರು. ಮೇ 3ಕ್ಕೆ ಡೇವ್ ಉಲ್ಮರ್ ಎಂಬವರು ಪೋರ್ಟ್‌ಲ್ಯಾಂಡ್ ಹತ್ತಿರದ ಬೀವರ್‌ಕ್ರೀಕ್‌ನಲ್ಲಿ ಕಪ್ಪು ಬಕೆಟ್ಟೊಂದನ್ನು ಅರ್ಧ ಹೂತರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ಕವಣೆ, ಒಂದು ಬೀನ್ಸ್ ಡಬ್ಬಿ. ಮೊದಲು ಹೋಗಿ ಪತ್ತೆ ಮಾಡಿದವರು ಮೈಕ್ ಟೀಗ್. ಅಳತೆ ಸರಿಯಾದ ಎರಡೇ ದಿನಕ್ಕೆ ಜನ ಅದನ್ನು ಆಟಕ್ಕೆ ಬಳಸಿಕೊಂಡರು ಎನ್ನುವುದು ನನಗೆ ಸೋಜಿಗ. ನಮ್ಮಲ್ಲಾಗಿದ್ದರೆ ಎರಡು ದಿನದಲ್ಲಿ ಅಣ್ಣತಮ್ಮಂದಿರು ಹದ್ದುಬಸ್ತಿಗೆ ಅರ್ಜಿ ಹಾಕಿರುತ್ತಿದ್ದರು. ಈಗಿನ ನಿಯಮದ ಪ್ರಕಾರ ಡಬ್ಬಿ ಇಡಲು ಜಾಗದವರ ಅನುಮತಿಯಿಲ್ಲದೆ ನೆಲ ಅಗೆಯುವಂತಿಲ್ಲ, ತಿನ್ನುವ ಪದಾರ್ಥ ಇಡುವಂತಿಲ್ಲ. ಎಂದರೆ ಆಟಕ್ಕೇ ಮೂಲವಾದ ಆ ಬಕೆಟ್ಟಿಗೆ ಇವತ್ತು ಮಂಜೂರಾತಿ ಸಿಗುವುದಿಲ್ಲ. ಇಲಾಖೆಯಲ್ಲಿ ದುಡಿದವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಬೀವರ್‌ಕ್ರೀಕ್‌ನ ಆ ಜಾಗದಲ್ಲಿ ಈಗ ಒಂದು ಸ್ಮಾರಕ ಫಲಕವಿದೆ, ಅದೂ ರಸ್ತೆಯ ಮಗ್ಗುಲಲ್ಲೇ. ಕಾರಿನ ಯಂತ್ರ ನಮ್ಮನ್ನು ಮದುವೆ ಬೀಗರ ಮರ್ಯಾದೆಯಲ್ಲಿ ಅಲ್ಲಿಗೆ ಮುಟ್ಟಿಸಿತು. ಕಾರಿನ ಯಂತ್ರವನ್ನೇ ನಂಬಿ ಕಾಡಿಗಿಳಿಯಲು ಅಳಿಯನಿಗೆ ಧೈರ್ಯ ಬಂದದ್ದೇ ಅದರಿಂದ. ಕೈಯಲ್ಲಿ ಹಿಡಿದು ಕಾಡು ತಿರುಗುವ ಜಿಪಿಎಸ್ ಬೇರೆ ಸಿಗುತ್ತದೆ. 2008ರಲ್ಲೇ ಗಾರ್ಮಿನ್ ಕಂಪನಿ ನೂವಿ 500 ಎಂದು ಕಾರಿಗೂ ಕಾಲಿಗೂ ಆಗುವ, ನೀರು ಬಿದ್ದರೂ ಕೆಡದ ಮಾದರಿಯನ್ನು ತಂದಿತ್ತು. ಆದರೆ ಇರುವ ಯಂತ್ರ ಚೆನ್ನಾಗಿರುವಾಗ ಇನ್ನೊಂದಕ್ಕೆ ದುಡ್ಡು ಸುರಿಯುವುದು ಅಳಿಯನ ಜಾಯಮಾನವಲ್ಲ. ಈ ವಿಷಯದಲ್ಲಿ ಅವನನ್ನು ಆರಿಸಿದ್ದಕ್ಕೆ ನನಗೆ ಹೆಮ್ಮೆಯಿದೆ.

ಮುಂದಿನ ಡಬ್ಬಿ ಕಾಡಿನೊಳಗಿತ್ತು. ಈ ಆಟದವರು ಜಾಗವನ್ನು ಡಿಗ್ರಿ, ನಿಮಿಷ, ನಿಮಿಷದ ಸಾವಿರದಲ್ಲೊಂದು ಭಾಗ ಎಂದು ಬರೆಯುತ್ತಾರೆ. ಯಂತ್ರ ಕೇಳುವುದು ಡಿಗ್ರಿ, ನಿಮಿಷ, ಸೆಕೆಂಡು. ಅಳಿಯ 17.460 ನಿಮಿಷವನ್ನು ಹದಿನೇಳು ನಿಮಿಷ ನಲವತ್ತಾರು ಸೆಕೆಂಡು ಎಂದು ಒತ್ತುವ ಉತ್ಸಾಹದ ಆಸಾಮಿ. ಸರಿಯಾದ ಲೆಕ್ಕ 27.6 ಸೆಕೆಂಡು. ವ್ಯತ್ಯಾಸ ನೆಲದ ಮೇಲೆ ಅರ್ಧ ಕಿಲೋಮೀಟರಿಗೂ ಮಿಕ್ಕು. ನಾನು ಹಿಂದಿನ ಸೀಟಿನಿಂದ ತಿದ್ದಿಸಿದೆ. "ಈ ಮನುಷ್ಯ ಅಮೆರಿಕಕ್ಕೆ ಬಂದರೂ ಅಳತೆ ಬಿಡಲ್ಲ" ಎಂದು ನನ್ನಾಕೆ ಮಗಳಿಗೆ ಹೇಳಿದ್ದು, ನನಗೆ ಕೇಳಲಿ ಎಂದೇ.

ಯಂತ್ರ ರಸ್ತೆಯ ಒಂದು ತಿರುವಿನಲ್ಲಿ ನಿಲ್ಲಿಸಿ, ತಲುಪಿದಿರಿ ಎಂದು ಘೋಷಿಸಿತು. ಎದುರಿಗೆ ಕಬ್ಬಿಣದ ತಡೆ, ಅದರಾಚೆ ಚರಂಡಿ, ಚರಂಡಿಯಾಚೆ ಮುಳ್ಳುಪೊದೆ, ಪೊದೆಯಾಚೆ ಮುಗಿಲೆತ್ತರದ ಡಗ್ಲಸ್ ಫರ್ ಮರಗಳು. ಜೀಪು ನಿಂತಲ್ಲಿಂದ ಕೆಳಗಿಳಿಯದೆ, ಸ್ಥಳ ಪರಿಶೀಲಿಸಲಾಯಿತು ಎಂದು ಮಹಜರಿಗೆ ಸಹಿ ಹಾಕುವ ಸಾಹೇಬರ ಹಾಗೆ ಅದು ತನ್ನ ಕೆಲಸ ಮುಗಿಸಿ ಸುಮ್ಮನಾಯಿತು. ಆ ಮುಳ್ಳಿನ ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ. 1885ರ ಸುಮಾರಿಗೆ ಲೂಥರ್ ಬರ್ಬ್ಯಾಂಕ್ ಎಂಬ ಸಸ್ಯತಜ್ಞರು ಭಾರತದಿಂದ ಬೀಜ ತರಿಸಿ ಹಬ್ಬಿಸಿದ್ದು. ಗಿಡದ ತವರು ಮಾತ್ರ ಆರ್ಮೇನಿಯದ ಕಡೆ ಅಂತೆ. "ನಮ್ಮೂರ ಕಡೆಯಿಂದ ಬಂದಿದ್ದಲ್ವಾ, ಅದಕ್ಕೇ ನಿಮ್ಮ ಪ್ಯಾಂಟು ಹಿಡಿದು ಮಾತಾಡಿಸ್ತಿದೆ" ಎಂದಳು ನನ್ನಾಕೆ. ಅವಳ ಸೀರೆಯನ್ನೂ ಅದು ಅಷ್ಟೇ ಅಕ್ಕರೆಯಿಂದ ಮಾತಾಡಿಸಿದ್ದನ್ನು ನಾನು ಎತ್ತಲಿಲ್ಲ.

ಯಂತ್ರವನ್ನು ಗಾಜಿನಿಂದ ಕಿತ್ತು ಕೈಯಲ್ಲಿ ಹಿಡಿದು ಒಳಗೆ ನಡೆದೆವು. ನಾವೆಷ್ಟು ನಡೆದರೂ ತೆರೆಯ ಮೇಲಿನ ಪುಟ್ಟ ಕಾರು ರಸ್ತೆ ಬಿಟ್ಟು ಕದಲದು. ವಾಹನವೆಂದ ಮೇಲೆ ರಸ್ತೆಯಲ್ಲೇ ಇರಬೇಕು, ಉಪಗ್ರಹ ಏನಾದರೂ ಅಂದುಕೊಳ್ಳಲಿ ಎಂದು ಹತ್ತಿರದ ರಸ್ತೆಗೆ ಎಳೆದು ಅಂಟಿಸುವುದು ಅದರ ಸ್ವಭಾವ. ಸಾಲದ್ದಕ್ಕೆ, ಸಾಧ್ಯವಾದ ಕೂಡಲೇ ಯೂ-ಟರ್ನ್ ತೆಗೆದುಕೊಳ್ಳಿ ಎಂದು ಮಂಡಿನೋವಿನ ನನಗೇ ಸೂಚನೆ. ಮೊಮ್ಮಗಳು ಎಲ್ಲೆಲ್ಲೋ ಒತ್ತಿ ಪಾದಚಾರಿ ಎಂಬ ಆಯ್ಕೆಯನ್ನು ಹುಡುಕಿದಳು. ಕಾರು ಮಾಯವಾಗಿ ಬಾಣ ಬಂತು. ಅದರದ್ದು ಬೇರೆ ರಗಳೆ. ಯಂತ್ರದೊಳಗೆ ದಿಕ್ಸೂಚಿಯಿಲ್ಲ, ನೀವು ಚಲಿಸಿದರೆ ಮಾತ್ರ ದಿಕ್ಕು ತಿಳಿಯುತ್ತದೆ. ನಿಂತರೆ ಬಾಣ ಭ್ರಮೆ ಹಿಡಿದು ಸುತ್ತುತ್ತದೆ. ದಿಕ್ಕು ಬೇಕೆಂದರೆ ದಿಕ್ಕಿಲ್ಲದೆ ನಡೆಯಬೇಕು. ಮಂಕಿ ಕ್ಯಾಪ್ ಹಾಕಿದ ಮುದುಕ ಅಂಗೈ ನೋಡಿಕೊಳ್ಳುತ್ತ ಮರಗಳ ನಡುವೆ ಶತಪಥ ತಿರುಗುವುದನ್ನು ನಾಯಿ ಹಿಡಿದ ಹೆಂಗಸೊಬ್ಬಳು ಕಂಡು, ದಾರಿ ತಪ್ಪಿತೇ ಎಂದು ಕೇಳಿದಳು. ಆಟಕ್ಕೆ ಸಂಬಂಧಪಡದ ಇಂಥವರನ್ನು ಆಟದವರು ಹ್ಯಾರಿ ಪಾಟರ್ ಕತೆಯಿಂದ ಎರವಲು ತಂದು ಮಗಲ್ ಅನ್ನುತ್ತಾರೆ. ಇವರ ಎದುರು ಗುಟ್ಟು ಬಿಡಬಾರದು. ಆದ್ದರಿಂದ ವಾಕಿಂಗ್ ಎಂದೆ. ಅವಳು ನನ್ನ ಕೈಯಿಂದ ಜೋತಾಡುತ್ತಿದ್ದ ಚಾರ್ಜರ್ ವೈರನ್ನು ನೋಡಿ ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಕೊನೆಗೆ ದೂರ ಸೊನ್ನೆಗೆ ಬಂತು. ಅಲ್ಲಿ ಡಬ್ಬಿ ಇರಲಿಲ್ಲ. ಇಂಥ ಯಂತ್ರ ಚೆನ್ನಾಗಿ ಕೆಲಸ ಮಾಡಿದರೂ ಐದು ಮೀಟರು ಆ ಕಡೆ, ಐದು ಮೀಟರು ಈ ಕಡೆ. ಎತ್ತರದ ಮರದಡಿ ಇನ್ನೂ ಹೆಚ್ಚು. ಹತ್ತು ಮೀಟರು ಎಂದರೆ ನಮ್ಮ ಹದಿನಾರಾಣೆಯ ಸರಪಳಿ, ಮೂವತ್ತಮೂರು ಅಡಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ, ಸರಿಯಾಗಿ ಒಂದು ಗುಂಟೆ! ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳನ್ನು ತಿರುಗಿಸಿ, ಅಧ್ಯಕ್ಷರಿಂದ ಆಜ್ಞೆ ಮಾಡಿಸಿ, ಅಮೆರಿಕದವರು ನನ್ನನ್ನು ಕರೆತಂದು ನಿಲ್ಲಿಸಿದ್ದು ಒಂದು ಗುಂಟೆ ಜಾಗದಲ್ಲಿ. ಅಷ್ಟರಲ್ಲಿ ಬ್ಯಾಟರಿಯೂ ತೀರಿ ತೆರೆ ಕಪ್ಪಾಯಿತು. ನನಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು.

ಗುಂಟೆಯೊಳಗೆ ಹುಡುಕುವುದು ನನ್ನ ಕಸುಬು. ರಾತ್ರೋರಾತ್ರಿ ಕಿತ್ತು ಸರಿಸಿದ ಬಾಂದು ಕಲ್ಲುಗಳನ್ನು ಪತ್ತೆ ಮಾಡಿ ಎಷ್ಟೋ ಜನರ ಶಾಪ ತಿಂದವನು ನಾನು. ಕಲ್ಲು ಹುಡುಕಬಾರದು, ಕೈಯಾಡಿಸಿದ ಗುರುತು ಹುಡುಕಬೇಕು. ಪಾಚಿ ತಪ್ಪು ಮಗ್ಗುಲಿಗಿದ್ದರೆ, ಒಣಮಣ್ಣಿನ ನಡುವೆ ಹಸಿಮಣ್ಣು ಕಂಡರೆ, ಅಲ್ಲಿ ಕತೆಯಿದೆ. ಈ ಕಾಡಿನಲ್ಲಿ ಉರುಳಿದ ಮರವೊಂದರ ಬುಡಕ್ಕೆ ಒಂದಿಷ್ಟು ಕಡ್ಡಿಗಳು ಒಂದರ ಪಕ್ಕ ಒಂದು ಒಲೆಗೆ ಜೋಡಿಸಿಟ್ಟಂತೆ ಬಿದ್ದಿದ್ದವು. ಗಾಳಿಗೆ ಅಷ್ಟು ಶಿಸ್ತಿಲ್ಲ. ಸರಿಸಿದರೆ ಸೈನ್ಯದವರು ಗುಂಡು ತುಂಬಿಡುವ ಹಸಿರು ಪೆಟ್ಟಿಗೆ. "ತಾತ ಚೀಟಿಂಗ್, ಜಿಪಿಎಸ್ ಇಲ್ಲದೆ ಹುಡುಕಿದ್ರು" ಎಂದು ಮೊಮ್ಮಗಳು ಆಕ್ಷೇಪಣೆ ದಾಖಲಿಸಿದಳು.

ಪುಸ್ತಕದಲ್ಲಿ ಹೆಸರು, ತಾರೀಕು, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ ಎಂದು ಚಕ್ಕುಬಂದಿ ಬರೆದು ರುಜು ಹಾಕುವಷ್ಟರಲ್ಲಿ ನನ್ನಾಕೆ ಪೆಟ್ಟಿಗೆ ಶೋಧಿಸಿದ್ದಳು. ಪ್ಲಾಸ್ಟಿಕ್ ಡೈನೋಸಾರು, ಮೊಂಡು ಪೆನ್ಸಿಲ್, ಒಂದು ಗೋಲಿ. ಮೊಮ್ಮಗಳು ಡೈನೋಸಾರು ಹಿಡಿದದ್ದೇ ತಡ, ತೆಗೆದುಕೊಂಡದ್ದಕ್ಕೆ ಸಮನಾಗಿ ಇಡಬೇಕೆಂಬ ನಿಯಮವನ್ನು ಅಳಿಯ ವಿವರಿಸತೊಡಗಿದ. ಮುಯ್ಯಿ ಎಂದರೇನು ಎಂದು ನನ್ನಾಕೆಗೆ ಹೇಳಿಕೊಡಬೇಕೇ? ಕೈಚೀಲದಿಂದ ಕವರಿನ ಸಮೇತ ಹೊಸ ರವಿಕೆ ಕಣವೊಂದು ಹೊರಬಂತು. ನಂಬರಿನ ಬಿಲ್ಲೆ ಕಟ್ಟಿದ ವಸ್ತುಗಳು ಡಬ್ಬಿಯಿಂದ ಡಬ್ಬಿಗೆ ದೇಶ ಸುತ್ತುತ್ತವೆ, ಎಲ್ಲೆಲ್ಲಿ ಹೋದವೆಂದು ಕಂಪ್ಯೂಟರಿನಲ್ಲಿ ನೋಡಬಹುದು ಎಂದೂ ಅಳಿಯ ಹೇಳಿದ. ಅವಳು ಕಣವನ್ನು ತಿರುಗಿಸಿ ನೋಡಿದಳು. "ಇದಕ್ಕೆ ಮೊದಲೇ ನಂಬರು ಕಟ್ಟಿದ್ದರೆ, ನಮ್ಮ ನಾದಿನಿ ಇದನ್ನ ಎಷ್ಟು ಮನೆ ತಿರುಗಿಸಿ ನನಗೆ ಕೊಟ್ಟಳು ಅಂತ ಗೊತ್ತಾಗ್ತಿತ್ತು."

ಆಮೇಲೆ ಹೋದ ಯಾರೋ, ಬಣ್ಣದ ಬಟ್ಟೆ ಒಯ್ದೆವು, ಬಾಟಲಿ ಓಪನರ್ ಇಟ್ಟೆವು ಎಂದು ಬರೆದಿದ್ದನ್ನು ಮಗಳು ಕಂಪ್ಯೂಟರಿನಲ್ಲಿ ಓದಿ ಹೇಳಿದಳು. "ರವಿಕೆ ಕಣಕ್ಕೆ ಬಾಟಲಿ ಓಪನರ್ರೇ?" ಎಂದು ನನ್ನಾಕೆ ಅವತ್ತಿನಿಂದ ಆ ದೇಶದವರ ಮನೆತನವನ್ನು ವಿಚಾರಿಸುತ್ತಿದ್ದಾಳೆ.