ನಡುಮನೆಯ ವಾನಪ್ರಸ್ಥರು

ಗೃಹಸ್ಥನಾದವನು ತನ್ನ ತಲೆ ನರೆತುದನ್ನೂ ಮಗನ ಮಗನನ್ನೂ ಕಂಡ ಬಳಿಕ ಅರಣ್ಯವನ್ನು ಆಶ್ರಯಿಸತಕ್ಕುದೆಂದು ಧರ್ಮಶಾಸ್ತ್ರಕಾರರು ವಿಧಿಸಿದರು. ಆದರೆ ಆ ಅರಣ್ಯವೇ ಗೃಹಸ್ಥನಿದ್ದೆಡೆಗೆ ನಡೆದುಬಂದು, ನಡುಮನೆಯ ಗೋಡೆಗೆ ಒರಗಿ ನಿಂತು, ಒಂದು ಗುಂಡಿಯನ್ನೊತ್ತಿದರೆ ಘರ್ಜಿಸಿ ಇನ್ನೊಂದನ್ನೊತ್ತಿದರೆ ಮೌನ ತಾಳುವ ಕಾಲವೊಂದು ಬಂದೀತೆಂದು ಅವರು ಊಹಿಸಿರಲಾರರು. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಇಂತಹ ವಾನಪ್ರಸ್ಥರು ಈಗ ಬೀದಿಗೊಬ್ಬರಂತೆ ದೊರೆಯುತ್ತಾರೆ. ನಿವೃತ್ತ ಮುಖ್ಯೋಪಾಧ್ಯಾಯರಾದ ಕಾರಣ ಊರಿಗೆಲ್ಲ ಮೇಷ್ಟ್ರೆನಿಸಿಕೊಂಡಿರುವ ಒಬ್ಬರನ್ನು ಆ ಪಂಗಡದ ಪ್ರತಿನಿಧಿಯಾಗಿ ಇಲ್ಲಿ ಇರಿಸಿಕೊಳ್ಳೋಣ. ಅವರ ಹೆಸರು ನಮಗೆ ಬೇಡ. ಓದುಗರಲ್ಲಿ ಪ್ರತಿಯೊಬ್ಬರಿಗೂ ಬೇರೊಂದು ಹೆಸರು ಈಗಾಗಲೇ ಹೊಳೆದಿರಬೇಕು.

ಮೇಷ್ಟ್ರು ವಾಸಿಸುವ ಸ್ಥಳದ ಮಹಿಮೆಯನ್ನು ಮೊದಲು ಹೇಳಬೇಕು. ಒಂದು ಮಗ್ಗುಲಿಗೆ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿದ ಬಿಳಿಗಿರಿರಂಗನ ಬೆಟ್ಟದ ಕಾಡು; ಇನ್ನೊಂದು ಮಗ್ಗುಲಿಗೆ, ಹುಲಿಯನ್ನೇ ವಾಹನವಾಗಿಸಿಕೊಂಡ ಮಾದಪ್ಪನ ಹೆಸರಿನಲ್ಲಿ 2013ರಲ್ಲಿ ಘೋಷಿತವಾದ, ಒಂಬೈನೂರು ಚದರ ಕಿಲೋಮೀಟರಿಗೂ ಮಿಕ್ಕ ವನ್ಯಧಾಮ; ಅದರಾಚೆಗೆ ಕಾವೇರಿ ವನ್ಯಧಾಮ. ಇಂತಹ ಸನ್ನಿಧಾನದಲ್ಲಿ ಹುಟ್ಟಿ ಬೆಳೆದು ನಿವೃತ್ತಿವೇತನವನ್ನೂ ಪಡೆಯುತ್ತಿರುವ ಮೇಷ್ಟ್ರು ಕಾಡಿನೊಳಕ್ಕೆ ಕಾಲಿರಿಸದೆ ಉಳಿದುದಕ್ಕೆ ಕಾರಣವಿಲ್ಲದಿಲ್ಲ. 2004ರ ಅಕ್ಟೋಬರಿನವರೆಗೆ ಕೇಳಿದವರಿಗೆ ‘ವೀರಪ್ಪನ್ ಇದ್ದಾನಪ್ಪ’ ಎನ್ನುತ್ತಿದ್ದರು. ಅವನು ಹತನಾದ ಸುದ್ದಿ ಬಂದ ಮರುದಿನದಿಂದ ಅವರಿಗೆ ಮೊಣಕಾಲು ನೋವು ಆರಂಭವಾಯಿತು.

ಮೊಣಕಾಲಿಗೆ ಆಯಾಸವಾಗದಂತೆ ಅವರು ಗಳಿಸಿರುವ ವಿದ್ಯೆಯಾದರೋ ಅಪಾರವಾದುದು. ಅಂಟಾರ್ಕ್ಟಿಕದ ಚಳಿಗಾಲದಲ್ಲಿ ಗಂಡು ಪೆಂಗ್ವಿನ್ ಎರಡು ತಿಂಗಳು ನಿರಾಹಾರಿಯಾಗಿ ನಿಂತು ಪಾದಗಳ ಮೇಲೆ ಮೊಟ್ಟೆಯನ್ನು ಕಾಪಾಡುವುದನ್ನು, ಸ್ವಂತ ಮಕ್ಕಳನ್ನು ಒಮ್ಮೆಯೂ ಎತ್ತಿ ಆಡಿಸದ ಈ ಮಹನೀಯರು ಕಣ್ಣಂಚು ಒದ್ದೆಯಾಗುವಂತೆ ವರ್ಣಿಸಬಲ್ಲರು. ತರಕರಡಿಯ ಶೌರ್ಯವೆಂದರೆ ಅವರಿಗೆ ವಿಶೇಷ ಗೌರವ; ಕಲಹಾರಿ ಮರುಭೂಮಿಯಲ್ಲಿ ಅದು ಸಿಂಹಕ್ಕೂ ಅಂಜದೆ ಎದುರು ನಿಲ್ಲುವುದನ್ನು ಹೋಟೆಲಿನಲ್ಲಿ ಕುಳಿತು ಬಣ್ಣಿಸಿದರೆ ಇಡ್ಲಿ ತಣ್ಣಗಾಗುವುದು ಯಾರ ಗಮನಕ್ಕೂ ಬಾರದು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡವು ಕಾವೇರಿ ವನ್ಯಧಾಮದಲ್ಲಿ ಮರಗಳಿಗೆ ಕಟ್ಟಿದ್ದ ಕ್ಯಾಮೆರಾಗಳಲ್ಲಿ ಅದೇ ತರಕರಡಿಯ ಚಿತ್ರ ಸೆರೆಯಾದುದನ್ನು ಯಾರೋ ಪತ್ರಿಕೆಯ ತುಣುಕಿನ ಸಮೇತ ಅವರ ಮುಂದಿರಿಸಿದಾಗ, ಮೇಷ್ಟ್ರು ಕನ್ನಡಕವನ್ನೇರಿಸಿ ಎರಡು ಸಲ ಓದಿ, “ಸಾಧ್ಯವಿಲ್ಲ, ಅದು ಆಫ್ರಿಕಾದ ಪ್ರಾಣಿ. ನಮ್ಮ ಕಾಡಿಗೆ ಬರುವಂಥ ದುರ್ಗತಿ ಅದಕ್ಕೇನು ಬಂದಿದೆ?” ಎಂದು ತುಣುಕನ್ನು ಹಿಂದಿರುಗಿಸಿದರು.

ಅವರಲ್ಲಿ ಜ್ಞಾನಕ್ಕಿಂತಲೂ ಅಪಾಯಕಾರಿಯಾದುದು ಧ್ವನಿ. ಸಾಕ್ಷ್ಯಚಿತ್ರಗಳ ನಿರೂಪಕರು, ಪೊದೆಯ ಹಿಂದೆ ಮಲಗಿದವರಂತೆ, ಉಸಿರನ್ನು ಅರ್ಧ ನುಂಗಿ ಅರ್ಧ ಬಿಟ್ಟು ಆಡುವ ಪಿಸುನುಡಿಯನ್ನು ಮೇಷ್ಟ್ರು ತರಗತಿಯ ಗದರಿಕೆಗೆ ಬದಲಾಗಿ ರೂಢಿಸಿಕೊಂಡಿದ್ದಾರೆ. ಅಮಾವಾಸ್ಯೆಯ ಮುನ್ನಾದಿನ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮಾದಪ್ಪನ ಬೆಟ್ಟಕ್ಕೆ ಹೊರಟ ಜನಸಾಗರವು, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲನ್ನೂ ಚೀಲವನ್ನೂ ಕಡೆಗೆ ಒಂದು ಮಗುವನ್ನೂ ಒಳಕ್ಕೆ ತೂರಿ ಸೀಟು ಹಿಡಿಯುತ್ತಿರಲು, ಮೇಷ್ಟ್ರು ಕಂಬದ ಮರೆಯಲ್ಲಿ ನಿಂತು ಪಕ್ಕದವರ ಕಿವಿಯಲ್ಲಿ ಆರಂಭಿಸಿದರು: “ನೋಡಿ, ಹಿಂಡು ಮಾರಾ ನದಿಯ ದಡಕ್ಕೆ ಬಂದಿದೆ. ಮುಂದಿರುವ ಹೆಣ್ಣು ಹಿಂಜರಿಯುತ್ತಿದೆ. ಹಿಂದಿನಿಂದ ಒತ್ತಡ ಹೆಚ್ಚುತ್ತಿದೆ. ಒಂದು ಧುಮುಕಿತೋ, ಎಲ್ಲವೂ ಧುಮುಕುತ್ತವೆ.” ಪಿಸುಮಾತಿಗೆ ದೂರ ಹೋಗುವ ಗುಣವುಂಟು. “ಯಾರ್‍ನ ಎಣ್ಣು ಇಂಜರಿತದ ಅಂದದ್ದು?” ಎಂದು ಮುಂದಿದ್ದಾಕೆ ತಿರುಗಿ ನಿಂತಳು. ಆಕೆಯನ್ನು ಸಮಾಧಾನಪಡಿಸಿ, ನದಿಯೊಳಗೆ ಕಾದಿರುವ ಮೊಸಳೆಗಳ ಪ್ರಸ್ತಾಪಕ್ಕೆ ಅವರು ಬರುವಷ್ಟರಲ್ಲಿ ಅವರ ಜುಬ್ಬಾದ ಜೇಬು ಹಗುರವಾಗಿತ್ತು.

ಕೊಳ್ಳೇಗಾಲದ ರೇಷ್ಮೆ ಸೀರೆಯ ಅಂಗಡಿಯಲ್ಲಿ ನಡೆದುದು ಇದಕ್ಕಿಂತ ಸೌಮ್ಯವಾದ ಘಟನೆ. ಸೊಸೆಗೆ ಸೀರೆ ಆರಿಸುತ್ತಿರುವಾಗ, ನಿಸರ್ಗದಲ್ಲಿ ಬಣ್ಣಬಣ್ಣದ ಗರಿ ತೊಡುವುದು ಗಂಡೇ ಹೊರತು ಹೆಣ್ಣಲ್ಲವೆಂದೂ, ನ್ಯೂಗಿನಿಯ ಸ್ವರ್ಗಪಕ್ಷಿಯನ್ನು ನೋಡಿದರೆ ಈ ವ್ಯಾಪಾರವೆಲ್ಲ ತಲೆಕೆಳಗಾದುದೆಂದು ತಿಳಿಯುವುದೆಂದೂ ಮೇಷ್ಟ್ರು ಉಪನ್ಯಸಿಸಿದರು. ವ್ಯಾಪಾರದಲ್ಲಿ ನುರಿತ ಅಂಗಡಿಯಾತನು ಒಂದು ಮಾತನ್ನೂ ವಿರೋಧಿಸದೆ ಹುಡುಗನನ್ನು ಕರೆದು, “ಮೇಲಿನಿಂದ ಜರತಾರಿ ಪಂಚೆ-ಶಲ್ಯದ ಕಟ್ಟು ಇಳಿಸೋ” ಎಂದನು. ಮೇಷ್ಟ್ರು ಈಗ ಮದುವೆಗಳಿಗೆ ಹೋಗುವುದು ಆ ಉಡುಪಿನಲ್ಲಿಯೇ.

ನಮ್ಮ ಸೀಮೆಗೆ ಮೃಗಕಥನವೇನೂ ಹೊಸದಲ್ಲ. ಈ ಕಾಡುಗಳಲ್ಲಿ ತಿರುಗಿದ ಸ್ಯಾಂಡರ್ಸನ್ ಸಾಹೇಬನು 1878ರಷ್ಟು ಹಿಂದೆಯೇ ದಪ್ಪನೆಯ ಪುಸ್ತಕವೊಂದನ್ನು ಅಚ್ಚು ಹಾಕಿಸಿದನು. ಅವನ ತರುವಾಯ ಊರೂರಿಗೂ ಒಬ್ಬ ಷಿಕಾರಿ ಇದ್ದು, ತಾನು ಹೊಡೆದ ಹುಲಿಯ ಉದ್ದವನ್ನು ವರ್ಷಕ್ಕೆ ಒಂದು ಗೇಣಿನಂತೆ ಬೆಳೆಸುತ್ತಿದ್ದನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಷಿಕಾರಿಯ ಕಥೆಗಳು ಬಡವಾದವು. ಆ ತೆರವಾದ ಪೀಠದ ಮೇಲೆ ಮೇಷ್ಟ್ರು ಕುಳಿತಿದ್ದಾರೆ. ವ್ಯತ್ಯಾಸವೆಂದರೆ, ಇವರ ಹುಲಿಗೆ ಹೆಸರುಂಟು, ತಾಯಿಯುಂಟು, ಬಾಲ್ಯದ ಕಷ್ಟಗಳುಂಟು. ಬ್ರಿಟಿಷರ ಆಡಳಿತದಲ್ಲಿ ಕೊಂದವರಿಗೆ ಇನಾಮು ದೊರೆಯುತ್ತಿದ್ದ ಸೀಳುನಾಯಿಯನ್ನು, ಬಂಡೀಪುರದ ಕಾಡಿನಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ ಕೃಪಾಕರ-ಸೇನಾನಿಯವರು ಚಿತ್ರಿಸಿದರು. ಅವರ ‘ದಿ ಪ್ಯಾಕ್’ಗೆ 2010ರಲ್ಲಿ ಹಸಿರು ಆಸ್ಕರ್ ಎಂದು ಹೆಸರಾದ ಪ್ರಶಸ್ತಿ ಬಂದಾಗ, ಮೇಷ್ಟ್ರು ಸೀಳುನಾಯಿಯ ಕುಟುಂಬವಾತ್ಸಲ್ಯವನ್ನು ಕುರಿತು ಬೀದಿಯವರಿಗೆಲ್ಲ ಪಾಠ ಮಾಡಿದರು. ಇದರಲ್ಲಿ ನಗುವುದಕ್ಕೇನೂ ಇಲ್ಲ. ಶತಮಾನದ ದ್ವೇಷವನ್ನು ಒಂದು ಸಂಜೆಯಲ್ಲಿ ತೊಳೆಯಬಲ್ಲ ಮಾಧ್ಯಮವನ್ನು ನಾನು ಹಳಿಯಲಾರೆ. 2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರವು ಚಿತ್ರಮಂದಿರಕ್ಕೆ ಬಂದಾಗಲಂತೂ, ತೊಂಬತ್ತು ದಾಟಿದ ಡೇವಿಡ್ ಅಟೆನ್‌ಬರೋ ನಮ್ಮ ನಾಡಿನ ಪ್ರಾಣಿಗಳಿಗೆ ದನಿಯಿತ್ತರೆಂಬ ಹೆಮ್ಮೆ ಒಂದು ಕಡೆ, ಅರುವತ್ತಕ್ಕೇ ತನ್ನನ್ನು ಮನೆಗೆ ಕಳುಹಿಸಿದ ಸರ್ಕಾರದ ಮೇಲಣ ಕೋಪ ಇನ್ನೊಂದು ಕಡೆ, ಮೇಷ್ಟ್ರಿಗೆ ಎರಡು ರಾತ್ರಿ ನಿದ್ರೆ ಬರಲಿಲ್ಲ. ಕನ್ನಡದ ನಿರೂಪಣೆಯನ್ನು ರಿಷಬ್ ಶೆಟ್ಟಿಯವರು ಮಾಡಿದ್ದರು; “ತಮ್ಮನ್ನು ಕೇಳಿದ್ದರೆ?” ಎಂದು ಯಾರೋ ಚೇಷ್ಟೆಗೆ ಕೆಣಕಲು, ಮೇಷ್ಟ್ರು ಬಹಳ ಹೊತ್ತು ಉತ್ತರ ಕೊಡಲಿಲ್ಲ.

ಹನೂರಿನ ಕಡೆಯಿಂದ ಅವರ ಜಮೀನಿನ ವಾರದ ರೈತನು ಸುಗ್ಗಿಯ ಲೆಕ್ಕ ಒಪ್ಪಿಸಲು ಬಂದ ದಿನ ನಾನೂ ಅಲ್ಲಿದ್ದೆ. ತಿಂಗಳೊಪ್ಪತ್ತು ರಾತ್ರಿಗಳನ್ನು ಅಟ್ಟಣೆಯ ಮೇಲೆ ತಮಟೆ, ಪಟಾಕಿ, ಬ್ಯಾಟರಿಗಳೊಂದಿಗೆ ಕಳೆದು ಬಂದ ಆತನ ಕಣ್ಣುಗಳು ಕೆಂಡದಂತಿದ್ದವು. ಆನೆ ರಾಗಿಯನ್ನು ತುಳಿಯಿತೆಂಬ ಮಾತು ಆತನ ಬಾಯಿಂದ ಬಂದುದೇ ತಡ, ಮೇಷ್ಟ್ರು ಹಿಂಡಿನ ಹಿರಿಯಜ್ಜಿಯ ಮಹತ್ತ್ವವನ್ನೂ, ಸತ್ತ ಬಂಧುವಿನ ಎಲುಬುಗಳನ್ನು ಆನೆ ಸೊಂಡಿಲಿನಿಂದ ಸವರುವ ಬಗೆಯನ್ನೂ, ದಶಕಗಳ ಹಿಂದಿನ ಹಾದಿಯನ್ನೂ ಮರೆಯದ ಅದರ ಸ್ಮರಣಶಕ್ತಿಯನ್ನೂ ವಿವರಿಸಿದರು. ಆತನು ಲೋಟವನ್ನು ಕೆಳಗಿಟ್ಟು, ಶ್ರದ್ಧೆಯಿಂದ ಪೂರ್ತಿ ಕೇಳಿ, “ಗ್ಯಾಪಕ ಇರದು ದಿಟವೇ ಮೇಷ್ಟ್ರೇ. ಓದ್ ವರ್ಷ ಸೋಲಾರ್ ಬೇಲಿಯ ಎಲ್ಲಿ ಮುರ್ದಿತ್ತೊ, ಈ ಸಲಾನೂ ಅಲ್ಲೇ ಬಂದು ಮುರೀತು. ಪರಿಹಾರದ ಅರ್ಜಿ ಎಲ್ಲಿ ಮಡ್ಗಿವಿ ಅನ್ನದು ಮಾತ್ರ ಆಪೀಸ್ನವ್ರಿಗ ಗ್ಯಾಪಕಿಲ್ಲ” ಎಂದನು.

ಮೊಮ್ಮಗನ ಹಟದಿಂದ ಮೇಷ್ಟ್ರು ಕಡೆಗೊಮ್ಮೆ ಕ್ಯಾತದೇವರಾಯನಗುಡಿಯ ಸಫಾರಿಗೆ ಹೊರಟರು. ಯಳಂದೂರು ದಾಟಿ, ಗುಂಬಳ್ಳಿಯ ಚೆಕ್‌ಪೋಸ್ಟು ಕಳೆದು, ಜೀಪು ಕಾಡನ್ನು ಹೊಕ್ಕಿತು. ಎಲ್ಲಿ ನೋಡಿದರೂ ಲಂಟಾನ. ಹಿಂದೆ ಈ ಕಾಡಿನ ಬುಡಕಟ್ಟಿನವರಾದ ಸೋಲಿಗರು ತರಗುಬೆಂಕಿ ಇಡುತ್ತಿದ್ದ ಕಾಲದಲ್ಲಿ ಈ ಪೊದೆ ಇಷ್ಟು ಹಬ್ಬಿರಲಿಲ್ಲವೆಂದು ಜೊತೆಯಲ್ಲಿದ್ದ ಸೋಲಿಗ ಯುವಕನು ಹೇಳುತ್ತಿದ್ದನು. ಆನೆಯ ಲದ್ದಿಯ ಬಳಿ ಜೀಪು ನಿಲ್ಲಿಸಿ, ಅದರ ಬಿಸಿಯಿಂದ ಹಿಂಡು ಹಾದುಹೋದ ಹೊತ್ತನ್ನು ಲೆಕ್ಕ ಹಾಕಿದನು. ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದು ಗಡಿಯಾರ ನೋಡಿದರು. ಬಳಿಕ ಒಂದು ಕಡವೆ ಬಂದಿತು. ಅದನ್ನು ಅವರು ಜಿಂಕೆಯೆಂದು ಮೊಮ್ಮಗನಿಗೆ ತೋರಿಸಿದರು. ಕಡವೆಯು ಮೇಯಿತು, ಕಿವಿ ಅಲುಗಿಸಿತು, ಪುನಃ ಮೇಯಿತು. ಯಾವ ಪೊದೆಯಿಂದಲೂ ಯಾವುದೂ ಹಾರಲಿಲ್ಲ. ಪಿಟೀಲಿನ ಶ್ರುತಿ ಏರಲಿಲ್ಲ. ತೆರೆಯ ಮೇಲಿನ ಮೂರು ನಿಮಿಷಗಳ ಬೇಟೆಗಾಗಿ ಛಾಯಾಗ್ರಾಹಕರು ವಾರಗಟ್ಟಲೆ ಕಾದಿರುತ್ತಾರೆಂಬುದೂ, ದೂರದ ಮಸೂರಕ್ಕೆ ಸದ್ದು ನಿಲುಕದ ಕಾರಣ ಎಲುಬು ಮುರಿಯುವ ಶಬ್ದವನ್ನು ಎಷ್ಟೋ ವೇಳೆ ಸ್ಟುಡಿಯೋದಲ್ಲಿ ಬೇರೆಯಾಗಿ ಮಾಡಿ ಕೂಡಿಸುತ್ತಾರೆಂಬುದೂ ಅವರಿಗೆ ತಿಳಿದ ವಿಷಯವಲ್ಲ. ತಿರುವೊಂದರಲ್ಲಿ ಆನೆಗಳು ದಾರಿಗಡ್ಡಲಾಗಿ ನಿಂತಾಗ ಮಾತ್ರ ಅವರಲ್ಲಿ ಚೈತನ್ಯವುಂಟಾಗಿ, “ಹಿರಿಯಜ್ಜಿಯು ಈಗ ನಿರ್ಧಾರ ಕೈಗೊಳ್ಳಬೇಕಾಗಿದೆ” ಎಂದು ಆರಂಭಿಸಲು, ಚಾಲಕನು ಹಿಂದಿರುಗಿ ನೋಡದೆಯೇ “ಬುದ್ದಿ, ಒಸಿ ಸುಮ್ಕಿರಿ” ಎಂದನು.

2025ರ ಜೂನ್ ತಿಂಗಳ ಕೊನೆಯಲ್ಲಿ ಹನೂರು ತಾಲ್ಲೂಕಿನ ಮೀಣ್ಯಂ ಕಾಡಿನಲ್ಲಿ, ವಿಷವಿಕ್ಕಿದ ಹಸುವಿನ ಕಳೇಬರವನ್ನು ತಿಂದು ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತುವೆಂಬ ವಾರ್ತೆ ಬಂದ ದಿನ ಮೇಷ್ಟ್ರು ಟಿ.ವಿ. ಹಾಕಲಿಲ್ಲ. ಆಕೆಯ ಬಾಳಿನ ಒಂದು ಸಂಚಿಕೆಯೂ ಪ್ರಸಾರವಾಗಿರಲಿಲ್ಲ. ಹಸು ಕಳೆದುಕೊಂಡವನ ಬಾಳಿನದೂ ಅಷ್ಟೇ. “ಇಲ್ಲೇ ಇತ್ತಂತಲ್ಲ” ಎಂದಷ್ಟೇ ಅವರು ನನ್ನೊಡನೆ ಆಡಿದ ಮಾತು, ಮತ್ತು ಅದನ್ನು ಅವರು ತಮ್ಮ ಸಹಜವಾದ ದನಿಯಲ್ಲಿ ಆಡಿದರು.

ಈಗ ಅವರು ಸ್ಥಳೀಯ ಪ್ರಾಣಿಗಳ ಕಡೆಗೆ ತಿರುಗಿದ್ದಾರೆ. ಕಳೆದ ಬೇಸಗೆಯಲ್ಲಿ ಮನೆಯಾಕೆ ತಾರಸಿಯ ಮೇಲೆ ಸಂಡಿಗೆ ಒಣಹಾಕಿ, ಕಾವಲಿಗೆಂದು ಮೇಷ್ಟ್ರ ಕೈಗೆ ಕೋಲು ಕೊಟ್ಟು ಇಳಿದುಹೋದರು. ಕೋತಿಗಳು ಬಂದವು. ಮೇಷ್ಟ್ರು ಕೋಲನ್ನು ಬದಿಗಿಟ್ಟು ಮೊಮ್ಮಗನ ಮೊಬೈಲನ್ನೆತ್ತಿಕೊಂಡು, ನೀರಿನ ತೊಟ್ಟಿಯ ಮರೆಯಲ್ಲಿ ಬೋರಲು ಮಲಗಿ, ಹಿಂಡಿನ ಯಜಮಾನನು ಮೊದಲ ಸಂಡಿಗೆಯನ್ನು ಮೂಸಿದುದರಿಂದ ಹಿಡಿದು ಮರಿಯೊಂದು ಕೊನೆಯ ಚೂರನ್ನು ಸೀರೆಯಿಂದ ಕಿತ್ತುಕೊಂಡುದರವರೆಗೆ ಯಾವುದನ್ನೂ ಬಿಡದೆ ಚಿತ್ರೀಕರಿಸಿದರು. ಓಡಿಸಲಿಲ್ಲವೇಕೆಂದು ಕೇಳಿದ್ದಕ್ಕೆ, ನಿಸರ್ಗದ ವ್ಯವಹಾರದಲ್ಲಿ ಚಿತ್ರಗ್ರಾಹಕನು ಕೈಹಾಕತಕ್ಕುದಲ್ಲವೆಂಬ ನಿಯಮವನ್ನು ಉದ್ಧರಿಸಿದರು. ಮನೆಯಾಕೆ ಮರುಮಾತಾಡದೆ ಒಳಗೆ ಹೋದರು. ರಾತ್ರಿ ಎಂಟಾದರೂ ಒಲೆ ಹೊತ್ತದಿರುವುದನ್ನು ಕಂಡು ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ಇಣುಕಲು, ಆಕೆ ಮೊಮ್ಮಗನ ಕಿವಿಯ ಬಳಿ ಬಗ್ಗಿ, ಉಸಿರನ್ನು ಅರ್ಧ ನುಂಗಿ, “ಹಸಿದ ಮುದಿ ಗಂಡು ಈಗ ಆಹಾರವನ್ನು ಹುಡುಕಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ಹೊರಡುತ್ತದೆ” ಎಂದರು.