ಆರಡಿ ದಾಟಿದವರಿಗೆ ಸೆಕೆಂಡ್ ಹ್ಯಾಂಡ್ ಕಾರು: ಬಳಕೆದಾರರ ಕೈಪಿಡಿ

ಎಚ್ಚರಿಕೆ: ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಕಾರಿನೊಳಗೆ ತಲೆ ತೂರಿಸಿ. ಓದದೆ ತೂರಿಸಿದವರ ಹಣೆಯ ಮೇಲೇಳುವ ಬುಗುಟಿಗೆ ನಾವು ಹೊಣೆಯಲ್ಲ.

1. ಈ ಕೈಪಿಡಿ ಯಾರಿಗೆ

ಮದುವೆ ಫೋಟೋದಲ್ಲಿ ಯಾವಾಗಲೂ ಹಿಂದಿನ ಸಾಲು ಸಿಗುವವರಿಗೆ. ಅಟ್ಟದ ಮೇಲಿನ ಡಬ್ಬ ಇಳಿಸಬೇಕಾದಾಗ ಮಾತ್ರ ನೆಂಟರಿಗೆ ನೆನಪಾಗುವವರಿಗೆ. ಇಂಥವರು ಕಾರು ಕೊಳ್ಳಲು ಹೊರಟಾಗ ಮೂರು ಬೇಡಿಕೆ ಇಡುತ್ತಾರೆ: ಅಗ್ಗವಾಗಿರಬೇಕು, ಚುರುಕಾಗಿರಬೇಕು, ಪೆಟ್ರೋಲ್ ಕಡಿಮೆ ಕುಡಿಯಬೇಕು. ನಾಲ್ಕನೆಯದನ್ನು ಸಂಕೋಚಕ್ಕೆ ಬಾಯಿಬಿಟ್ಟು ಹೇಳುವುದಿಲ್ಲ: ಒಳಗೆ ತಾವೂ ಹಿಡಿಸಬೇಕು.

ಉದ್ದ ಇದ್ದವರಿಗೆ ಬುದ್ಧಿ ಮಂಡಿಯಲ್ಲಿ ಎಂದು ಹಂಗಿಸುವುದುಂಟು. ಕಾರು ಕೊಳ್ಳುವ ಮಟ್ಟಿಗೆ ಅದನ್ನು ಹೊಗಳಿಕೆ ಎಂದೇ ತಿಳಿಯಿರಿ. ಜಾಹೀರಾತು ಸುಳ್ಳು ಹೇಳಬಹುದು, ಕಿಲೋಮೀಟರ್ ತೋರಿಸುವ ಮೀಟರ್ ಸುಳ್ಳು ಹೇಳಬಹುದು, ಬಣ್ಣಕ್ಕೆ ಮರುಳಾದ ಕಣ್ಣಂತೂ ಹೇಳಿಯೇ ಹೇಳುತ್ತದೆ. ಸ್ಟಿಯರಿಂಗ್ ಕೆಳಗೆ ಸಿಕ್ಕಿಕೊಂಡ ಮಂಡಿ ಮಾತ್ರ ಸತ್ಯವನ್ನೇ ನುಡಿಯುತ್ತದೆ. ಮುಂದಿನ ಹಂತಗಳೆಲ್ಲ ಅದರ ಸಲಹೆಯ ಮೇರೆಗೇ ಸಾಗುತ್ತವೆ.

2. ಬೇಕಾಗುವ ಸಾಮಗ್ರಿ

ಟಾರ್ಚು ಒಂದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ಒಂದು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳಿ, ಪೇಂಟ್ ಗೀರಿದರೆ ಆ ಕಾರು ಅಲ್ಲಿಯೇ ನಿಮ್ಮದಾಗುತ್ತದೆ. ದಿನವೂ ಆಫೀಸಿಗೆ ಹಾಕುವ ಶೂ. ಚಪ್ಪಲಿಯಲ್ಲಿ ಹೋಗಬೇಡಿ, 11ನೇ ನಂಬರಿನ ಶೂ ಕ್ಲಚ್ಚಿನ ಜೊತೆಗೆ ಬ್ರೇಕನ್ನೂ ತುಳಿಯುತ್ತದೆಯೇ ಎಂಬುದು ಚಪ್ಪಲಿಯಿಂದ ತಿಳಿಯದು. ಪರಿಚಯದ ಮೆಕ್ಯಾನಿಕ್ ಒಬ್ಬ. ಭಾವಮೈದುನ ಬೇಡ. ಹೇಗಿದ್ದರೂ ಬಂದೇ ಬರುತ್ತಾನೆ; ಬಂದರೆ ಟೀ ಹೇಳಿ ಬರಲು ಕಳುಹಿಸಿ.

3. ಹೊರಗಿನ ಎತ್ತರವನ್ನು ನಂಬದಿರುವುದು

1998ರಲ್ಲಿ ಹ್ಯುಂಡೈ ಸ್ಯಾಂಟ್ರೊ, ಮರುವರ್ಷ ಮಾರುತಿ ವ್ಯಾಗನ್ ಆರ್ ಬಂದಾಗ ‘ಟಾಲ್ ಬಾಯ್’ ಎಂಬ ಮಾತು ಚಾಲ್ತಿಗೆ ಬಂತು. ಉದ್ದದವರೆಲ್ಲ ತಮಗಾಗಿಯೇ ಕಾರು ಅವತರಿಸಿತೆಂದು ಹಿಗ್ಗಿದರು. ಹಿಗ್ಗು ಅರ್ಧ ನಿಜ. ಇಂಥ ಕಾರಿನಲ್ಲಿ ಸೀಟು ಎತ್ತರದಲ್ಲಿರುತ್ತದೆ, ಕುರ್ಚಿಯಲ್ಲಿ ಕೂತ ಹಾಗೆ ಕಾಲು ಕೆಳಗಿಳಿಯುತ್ತದೆ, ತಲೆಯ ಮೇಲೂ ಜಾಗ ಉಳಿಯುತ್ತದೆ. ಆದರೆ ಭಾರವೂ ಮೇಲೇರಿದ್ದರಿಂದ ಘಾಟಿಯ ತಿರುವಿನಲ್ಲಿ ಕಾರು ವಾಲುತ್ತದೆ, ಎರಡನೆಯ ಬೇಡಿಕೆ ಅಲ್ಲಿಗೆ ಬಿದ್ದುಹೋಗುತ್ತದೆ.

ಈಗ ಅಂಕಿ ನೋಡಿ. 2019ರ ವ್ಯಾಗನ್ ಆರ್‌ನ ಎತ್ತರ 1675 ಮಿ.ಮೀ., ಫೋಕ್ಸ್‌ವ್ಯಾಗನ್ ಪೋಲೊದ್ದು 1469 ಮಿ.ಮೀ. ಒಂದು ಗೇಣಿನಷ್ಟು ಕುಳ್ಳಗಿದ್ದರೂ ಪೋಲೊದಲ್ಲಿ ಆರಡಿಯವರು ಕೂರುತ್ತಾರೆ. ಸೀಟು ನೆಲದ ಹತ್ತಿರಕ್ಕೆ ಇಳಿಯುತ್ತದೆ, ಕಾಲು ಮುಂದಕ್ಕೆ ಚಾಚುತ್ತದೆ, ಅದಕ್ಕೆ. ಆದ್ದರಿಂದ ಹೊರಗೆ ನಿಂತು ಕಾರಿನ ಎತ್ತರ ಅಳೆಯಬೇಡಿ. ಸನ್‌ರೂಫ್ ಕಂಡು ಮನಸೋಲಲೂಬೇಡಿ. ಅದರ ಚೌಕಟ್ಟು ತನ್ನ ದಪ್ಪವನ್ನು ನಿಮ್ಮ ನೆತ್ತಿಯ ಲೆಕ್ಕದಿಂದಲೇ ಕಳೆಯುತ್ತದೆ.

4. ಕೂರುವ ಕ್ರಮ

ಮೊದಲು ನೀವು ಯಾವ ಬಗೆಯ ಉದ್ದ ಎಂಬುದನ್ನು ತಿಳಿದುಕೊಳ್ಳಿ. ಆರಡಿ ಎರಡಿಂಚಿನವರೆಲ್ಲ ಒಂದೇ ಅಲ್ಲ. ಕಾಲು ಉದ್ದದವರು ಬೇರೆ, ಮುಂಡ ಉದ್ದದವರು ಬೇರೆ. ಕಾಲು ಉದ್ದದವರಿಗೆ ಸೀಟು ಹಿಂದಕ್ಕೆ ಚೆನ್ನಾಗಿ ಸರಿಯಬೇಕು, ಸ್ಟಿಯರಿಂಗ್ ಮೇಲೆ-ಕೆಳಗೆ ಆಡಿದರೆ ಸಾಲದು, ಎದೆಯ ಕಡೆಗೂ ಬರಬೇಕು. ಇಲ್ಲದಿದ್ದರೆ ಕಾಲಿಗೆ ಜಾಗ ಮಾಡಿಕೊಂಡಾಗ ಕೈಗೆ ಸ್ಟಿಯರಿಂಗ್ ಎಟುಕದು. ಮುಂಡ ಉದ್ದದವರಿಗೆ ಸೀಟು ಕೆಳಗಿಳಿಸುವ ಸೌಕರ್ಯವೇ ಮುಖ್ಯ. ಕಂಪನಿಗಳು ಇವನ್ನು ಹಲವು ಕಾರುಗಳಲ್ಲಿ ಮೇಲಿನ ಮಾದರಿಗಳಿಗಷ್ಟೇ ಕೊಡುತ್ತವೆ. ಹೆಸರು ಒಂದೇ ಇರುವ ಎರಡು ಕಾರುಗಳಲ್ಲಿ ಒಂದು ನಿಮ್ಮದು, ಇನ್ನೊಂದು ನಿಮ್ಮ ಚಿಕ್ಕಪ್ಪನದು.

ಅ) ಬೆನ್ನನ್ನು ಸೀಟಿಗೆ ಪೂರ್ತಿ ಒರಗಿಸಿ ಕ್ಲಚ್ಚನ್ನು ತಳದವರೆಗೆ ಒತ್ತಿ. ಆಗಲೂ ಮಂಡಿ ಸ್ವಲ್ಪ ಬಾಗಿರಬೇಕು.

ಆ) ಹೆಗಲು ಸೀಟಿಗೆ ತಾಗಿಸಿಕೊಂಡೇ ಕೈ ಚಾಚಿ. ಮಣಿಕಟ್ಟು ಸ್ಟಿಯರಿಂಗ್ ಚಕ್ರದ ಮೇಲ್ತುದಿಯ ಮೇಲೆ ಕೂರಬೇಕು. ಎದೆಗೂ ಸ್ಟಿಯರಿಂಗ್‌ಗೂ ನಡುವೆ ಕನಿಷ್ಠ 25 ಸೆಂ.ಮೀ. ಇರಲಿ, ಏರ್‌ಬ್ಯಾಗ್ ಉಬ್ಬಲು ಅದಕ್ಕೂ ಜಾಗ ಬೇಕು.

ಇ) ಕ್ಲಚ್ಚಿನಿಂದ ಕಾಲೆತ್ತಿ. ಮಂಡಿ ಹೋಗಿ ಎಡಗಡೆಯ ಕಡ್ಡಿಗೆ ತಗುಲಿ, ಉರಿಬಿಸಿಲಿನಲ್ಲಿ ವೈಪರ್ ಓಡತೊಡಗಿದರೆ ಆ ಕಾರಿಗೆ ನಮಸ್ಕಾರ ಹೇಳಿ ಇಳಿಯಿರಿ.

ಈ) ಬಲಗಾಲನ್ನು ಬ್ರೇಕಿನಿಂದ ಆಕ್ಸಿಲರೇಟರ್‌ಗೆ ಆಡಿಸಿ. ತೂಗಾಡುವ ಕೀ ಗೊಂಚಲು ಮಂಡಿಗೆ ಬಡಿಯುತ್ತದೆಯೇ ನೋಡಿ.

ಉ) ನೆಟ್ಟಗೆ ಕೂತು ಮುಂದೆ ನೋಡಿ. ಸಿಗ್ನಲ್ ದೀಪ ಕಾಣಲು ತಲೆ ಬಗ್ಗಿಸಬೇಕಾದರೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಎಷ್ಟು ಹೊತ್ತು ವಿನಯದಿಂದಿರಬೇಕಾದೀತು ಎಂದು ಲೆಕ್ಕ ಹಾಕಿ.

ಊ) ಹೆಡ್‌ರೆಸ್ಟನ್ನು ಪೂರ್ತಿ ಎತ್ತಿ. ಅದರ ಮೇಲ್ತುದಿ ಕಿವಿಯ ಮೇಲ್ಭಾಗದ ಮಟ್ಟಕ್ಕಾದರೂ ಬರಬೇಕು. ಸೀಟಿನ ಜೊತೆಗೇ ಬೆಸೆದ ಗಿಡ್ಡ ಹೆಡ್‌ರೆಸ್ಟ್ ನಿಮಗೆ ಕತ್ತಿನಲ್ಲೇ ಮುಗಿಯುತ್ತದೆ, ಹಿಂದಿನಿಂದ ಯಾರಾದರೂ ಗುದ್ದಿದ ದಿನ ಅದರಿಂದ ಪ್ರಯೋಜನವಿಲ್ಲ.

ಹೀಗೆ ಹತ್ತು ನಿಮಿಷ ಕೂರಿ. ಮಾರುವವನು ಆಕಳಿಸಿದರೂ ಏಳಬೇಡಿ.

5. ಚುರುಕನ್ನೂ ಮೈಲೇಜನ್ನೂ ಒಂದೇ ಕಾರಿಗೆ ಕಟ್ಟುವುದು

ಚುರುಕು ಎಂದರೆ ಡಿಕ್ಕಿಯ ಮೇಲಿನ ರೆಕ್ಕೆಯಲ್ಲ, ಸೀಟಿನ ಕೆಂಪು ಹೊಲಿಗೆಯಲ್ಲ. ಶಿರಾಡಿ ಘಾಟಿಯಲ್ಲಿ ಏದುಸಿರು ಬಿಡುವ ಲಾರಿಯನ್ನು, ಎದುರಿನ ಬಸ್ಸು ಬರುವುದರೊಳಗೆ ದಾಟಬಲ್ಲ ಶಕ್ತಿ. ಪರೀಕ್ಷೆಗೆ ಒಂದು ಏರು ಹುಡುಕಿ. ಮೂರನೇ ಗಿಯರಿನಲ್ಲಿ 40 ಕಿ.ಮೀ. ವೇಗದಿಂದ ಒತ್ತಿ. ಕಾರು ಮುಂದಕ್ಕೆ ಹಾರಿದರೆ ಸರಿ. ಸದ್ದು ಮಾತ್ರ ಮುಂದೆ ಹೋಗಿ ಕಾರು ಹಿಂದೆ ಉಳಿದರೆ ಬೇರೆ ನೋಡಿ.

ಮೈಲೇಜಿನ ವಿಚಾರದಲ್ಲಿ ಕಾರು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐನ ಅಂಕಿಯನ್ನು ಗೌರವಿಸಿ, ನೆಚ್ಚಿಕೊಳ್ಳಬೇಡಿ. ಅದು ಪ್ರಯೋಗಾಲಯದಲ್ಲಿ, ರೋಲರ್ ಮೇಲೆ ಓಡಿಸಿ ಅಳೆದದ್ದು. ಅಲ್ಲಿ ಹಂಪ್ ಇಲ್ಲ, ಗುಂಡಿ ಇಲ್ಲ, ಎದುರಿನಿಂದ ನುಗ್ಗುವ ಆಟೋ ಇಲ್ಲ. ಕಾರುಗಳನ್ನು ಒಂದಕ್ಕೊಂದು ಹೋಲಿಸಲು ಅದು ಸಾಕು, ತಿಂಗಳ ಖರ್ಚು ಲೆಕ್ಕ ಹಾಕಲು ಸಾಲದು. ತಿಂಗಳಿಗೆ 1000 ಕಿ.ಮೀ. ಓಡಿಸುವವರಿಗೆ ಲೀಟರಿಗೆ 12 ಕೊಡುವ ಕಾರು ಸುಮಾರು 83 ಲೀಟರ್ ಕುಡಿಯುತ್ತದೆ, 18 ಕೊಡುವುದು ಸುಮಾರು 56. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 33,000 ರೂಪಾಯಿ ವ್ಯತ್ಯಾಸ. ಚೌಕಾಸಿಯಲ್ಲಿ ಹತ್ತು ಸಾವಿರ ಇಳಿಸಿ ಬೀಗುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಹಾಗಾದರೆ ಡೀಸೆಲ್ ಕೊಳ್ಳೋಣವೆಂದರೆ, ಬಿಎಸ್6 ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಒಂದಿರುತ್ತದೆ. ಅದು ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ಹೆದ್ದಾರಿಯ ದೂರದ ಓಟ ಬೇಕು. ಮನೆಯಿಂದ ಮೆಟ್ರೋ ಸ್ಟೇಷನ್‌ವರೆಗೆ ಮಾತ್ರ ಓಡುವ ಡೀಸೆಲ್ ಕಾರು ನಿಮ್ಮ ಉಳಿತಾಯವನ್ನು ಗ್ಯಾರೇಜಿಗೆ ತಲುಪಿಸುತ್ತದೆ.

6. ಮಾದರಿಗಳು

ಸ್ವಿಫ್ಟ್: 2005ರಿಂದ ನಮ್ಮ ರಸ್ತೆಯಲ್ಲಿದೆ, ತಿರುವಿಗೆ ಹಗುರ, ಬಿಡಿಭಾಗ ಯಾವ ಊರಲ್ಲೂ ಸಿಗುತ್ತದೆ. ಹಳೆಯದರ 1.3 ಲೀಟರ್ ಡೀಸೆಲ್ ಎಂಜಿನ್ ಮೂಲತಃ ಫಿಯಟ್‌ನದು. ಮಾರುತಿ, ಟಾಟಾ ಎಲ್ಲರೂ ಬಳಸಿ ಅದಕ್ಕೆ ‘ನ್ಯಾಷನಲ್ ಎಂಜಿನ್’ ಎಂಬ ಬಿರುದೇ ಬಂತು. 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಬಿಟ್ಟಿತು. ಮಂಡಿಯ ಅಭಿಪ್ರಾಯ: ಪ್ರತಿ ಪೀಳಿಗೆಗೂ ಬೇರೆಬೇರೆ, ಕೂತೇ ನೋಡಬೇಕು.

ಹೋಂಡಾ ಜಾಝ್: ಪೆಟ್ರೋಲ್ ಟ್ಯಾಂಕನ್ನು ಮುಂದಿನ ಸೀಟಿನ ಕೆಳಗೆ ಕೂರಿಸಿ ಹಿಂದೆ ಜಾಗ ಉಳಿಸಿದ ಜಾಣತನ. ತಲೆಗೆ, ಕಾಲಿಗೆ, ಅಕ್ಕಿ ಮೂಟೆಗೆ ಎಲ್ಲಕ್ಕೂ ಸ್ಥಳವಿದೆ. 2015ರ ನಂತರದ 1.5 ಡೀಸೆಲ್‌ಗೆ 100 ಪಿಎಸ್ ಶಕ್ತಿ, ಎಆರ್‌ಎಐ ಪ್ರಕಾರ ಲೀಟರಿಗೆ 27.3 ಕಿ.ಮೀ. 1.2 ಪೆಟ್ರೋಲ್ ಮಾತ್ರ ಸಂಭಾವಿತ. ಅವಸರ ಅದರ ಸ್ವಭಾವವಲ್ಲ.

ಫೋರ್ಡ್ ಫಿಗೊ 1.5 ಡೀಸೆಲ್: 100 ಪಿಎಸ್, 215 ಎನ್‌ಎಂ ಟಾರ್ಕ್, ಸಣ್ಣ ಮೈ; ತುಂಟ ಕಾರು. ಆದರೆ ಸ್ಟಿಯರಿಂಗ್ ಮೇಲೆ-ಕೆಳಗೆ ಮಾತ್ರ ಆಡುತ್ತದೆ, ಎದೆಯತ್ತ ಬರುವುದಿಲ್ಲ. ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಹೇಳಿದ್ದರಿಂದ ಬೆಲೆ ಇಳಿದಿದೆ. ಮುಂಡ ಉದ್ದದವರು ಯೋಚಿಸಬಹುದು, ಕಾಲು ಉದ್ದದವರು ಬೇಡ.

ಫೋಕ್ಸ್‌ವ್ಯಾಗನ್ ಪೋಲೊ: 2010ರಿಂದ 2022ರವರೆಗೆ ಮಾರಾಟಕ್ಕಿತ್ತು, ಪುಣೆ ಬಳಿಯ ಚಾಕಣದಲ್ಲಿ ತಯಾರಾಗುತ್ತಿತ್ತು. ಸ್ಟಿಯರಿಂಗ್ ಎರಡೂ ದಿಕ್ಕಿಗೆ ಆಡುತ್ತದೆ. ಆದರೆ ಹೊರಗೆ ಒಂದೇ ಮುಖದ ಪೋಲೊಗಳ ಒಳಗೆ ಬೇರೆಬೇರೆ ಜೀವಗಳಿವೆ. 1.0 ಎಂಪಿಐಗೆ 76 ಪಿಎಸ್. ಅದು ಸಿಂಹದ ಮುಖದ ಹಸು. 2013ರಲ್ಲಿ ಬಂದ ಜಿಟಿ ಟಿಎಸ್‌ಐಗೆ 105 ಪಿಎಸ್. ಓಟ ಸೊಗಸು, ಆದರೆ ಅದರ ಏಳು ಗಿಯರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗಿಯರ್‌ಬಾಕ್ಸ್ ಒಣ ಕ್ಲಚ್ಚಿನದು. ಟ್ರಾಫಿಕ್ಕಿನಲ್ಲಿ ತೆವಳಿಸಿ ನೋಡಿ. ಜರ್ಕ್ ಹೊಡೆದರೆ ರಿಪೇರಿ ಬಿಲ್ಲಿಗೆ ಹೆದರಿ ದೂರವಿರಿ. 2020ರ ನಂತರದ 1.0 ಟಿಎಸ್‌ಐ ಮ್ಯಾನ್ಯುಯಲ್‌ಗೆ 110 ಪಿಎಸ್, ಎಆರ್‌ಎಐ ಅಂಕಿ 18.24. ಮೂರು ಬೇಡಿಕೆಯನ್ನೂ ಮಂಡಿಯನ್ನೂ ಒಟ್ಟಿಗೆ ಸಮಾಧಾನಪಡಿಸುವುದು ಇದೇ. ಬೆಲೆಯಲ್ಲಿ ಅಗ್ಗ ಎನ್ನುವುದಕ್ಕಿಂತ ಸಹ್ಯ ಎನ್ನಬೇಕು.

7. ಮಾರುವವರ ಮಾತಿನ ಮೇಲೆ ಟಾರ್ಚು ಬಿಡುವುದು

“ಡಾಕ್ಟರ್ ಓಡಿಸಿದ್ ಗಾಡಿ ಸಾರ್, ಒಂದ್ರೂಪಾಯಿ ಕೆಲ್ಸ ಇಲ್ಲ, ಕೀ ತಿರುಗ್ಸಿ ಹೋಗ್ತಾ ಇರಿ” ಎಂದಾಗ ಕೀ ತಿರುಗಿಸುವ ಮೊದಲು ಬಾನೆಟ್ ಮುಟ್ಟಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಯಾರೋ ಎಂಜಿನ್ ಎಬ್ಬಿಸಿದ್ದಾರೆ; ತಣ್ಣಗಿರುವಾಗ ಕೆಮ್ಮುವ ಕಾಯಿಲೆ ಹೀಗೆಯೇ ಮುಚ್ಚಿಹೋಗುವುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲಂಟ್ ಎಂಜಿನ್ನಿನೊಳಗೆ ಹೋಗುತ್ತಿರಬಹುದು.

ಮೀಟರ್ 35,000 ಎನ್ನುತ್ತಿದ್ದು, ಪೆಡಲ್ಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ರಬ್ಬರನ್ನೇ ನಂಬಿ. ಟೈರಿನ ಮೇಲಿನ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಎಲ್ಲ ಗಾಜುಗಳ ಮೂಲೆಯ ಗುರುತು ಹೋಲಿಸಿ, ಒಂದು ಬೇರೆಯಿದ್ದರೆ ಆ ಕಡೆಯ ಬಾಗಿಲಿಗೆ ಆಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ.

ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಸ್ಟೆಪ್ನಿ ಎತ್ತಿ ಗುಂಡಿಯ ತಳ ನೋಡಿ. ಮಣ್ಣಿನ ಗೆರೆ ಕಂಡರೆ ಆ ಕಾರು ಈಜಿ ಬಂದಿದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಯಮಲೂರಿನ ಕಡೆ ಎಷ್ಟು ಕಾರು ಮುಳುಗಿದ್ದವೆಂಬುದನ್ನು ಮರೆಯಬೇಡಿ. ಕೆಎ-19, ಕೆಎ-20 ನಂಬರಿನ ಕಾರಾದರೆ ಬಗ್ಗಿ ಹೊಟ್ಟೆಯನ್ನೂ ನೋಡಿ, ಕರಾವಳಿಯ ಉಪ್ಪುಗಾಳಿ ತುಕ್ಕನ್ನು ಬೇಗ ಸಾಕುತ್ತದೆ. ಬಗ್ಗುವುದು ನಿಮಗೆ ಕಷ್ಟ. ಟೀ ಹೇಳಿ ಬಂದ ಭಾವಮೈದುನನನ್ನು ಈಗ ಬಳಸಬಹುದು.

8. ಕಾಗದ

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಾರಿನ ಮೇಲಿನದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಸಾಲದ ಕಾರಾದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಬೇರೆ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ. ಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್. ದೆಹಲಿಯಿಂದ ಅಗ್ಗಕ್ಕೆ ಬಂದ ಕಾರಿನ ಅಗ್ಗತನ ಹೆಚ್ಚಾಗಿ ಇಲ್ಲೇ ಕರಗುವುದು.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಹಳೆಯ ಮಾಲೀಕರ ಜೊತೆಗೇ ಹೋಗುತ್ತದೆ. ಕಾರಿನ ಜೊತೆ ಬರುವುದು ಟ್ರಾಫಿಕ್ ದಂಡ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತು ಕಟ್ಟಿದರು. ನೀವು ನೋಡುತ್ತಿರುವ ಕಾರಿನ ಮಾಲೀಕರು ಆ ಕ್ಯೂನಲ್ಲಿದ್ದರೇ ಎಂದು ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ನಂಬರ್ ಹಾಕಿ ನೋಡಿ.

9. ದೋಷ ನಿವಾರಣೆ

ದೋಷ: ಸರ್ವಿಸ್‌ನಿಂದ ಬಂದ ಕಾರಿನೊಳಗೆ ಹತ್ತಲಾಗುತ್ತಿಲ್ಲ. ಕಾರಣ: ಮೆಕ್ಯಾನಿಕ್ ಐದಡಿ ನಾಲ್ಕಿಂಚು. ಪರಿಹಾರ: ಹೊರಗೆ ನಿಂತೇ ಸೀಟಿನ ಲಿವರ್ ಎಳೆಯಿರಿ, ಆಮೇಲೆ ಹತ್ತಿ.

ದೋಷ: ಮೈಲೇಜ್ ಹೇಳಿದಷ್ಟು ಬರುತ್ತಿಲ್ಲ. ಕಾರಣ: ಟರ್ಬೊ ಎಂಜಿನ್, 11ನೇ ನಂಬರಿನ ಶೂ. ಪರಿಹಾರ: ಫುಲ್ ಟ್ಯಾಂಕ್ ಮಾಡಿ, ಓಡಿಸಿ, ಮತ್ತೆ ಫುಲ್ ಟ್ಯಾಂಕ್ ಮಾಡಿ ಭಾಗಿಸಿ. ಬಂದ ಉತ್ತರವನ್ನು ಮನೆಯಲ್ಲಿ ಹೇಳಬೇಡಿ.

ದೋಷ: “ಇಷ್ಟು ದುಡ್ಡಿಗೆ ಹೊಸದೇ ಬರ್ತಿತ್ತಲ್ರೀ” ಎಂದು ಪಕ್ಕದ ಮನೆಯವರು ದಿನಾ ಗೇಟಿನ ಬಳಿ ನಿಲ್ಲಿಸಿ ಹೇಳುತ್ತಾರೆ. ಕಾರಣ: ಅವರಿಗೆ ಬಿಡುವಿದೆ. ಪರಿಹಾರ: ಸೀಟನ್ನು ನಿಮ್ಮ ಅಳತೆಗೆ ಪೂರ್ತಿ ಹಿಂದಕ್ಕೆ ಸರಿಸಿ, ಅವರನ್ನು ಸರಿಯಾಗಿ ನಿಮ್ಮ ಬೆನ್ನ ಹಿಂದೆ ಕೂರಿಸಿಕೊಂಡು ಮೈಸೂರಿಗೆ ಹೋಗಿಬನ್ನಿ.